ನೆಪ್ಚೂನ್ ಆಚೆಯ ಕಾಣದ ಗ್ರಹ ಎಲ್ಲಿಂದ ಬಂದಿರಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಯಾರೂ ಕಾಣದ ಗ್ರಹ ಇದೆ ಎನ್ನಲು ಆಧಾರವೇನು?

ನೆಪ್ಚೂನ್ ಆಚೆ ಸುತ್ತುವ ಸಣ್ಣ ಹಿಮಕಾಯಗಳ ವಿಚಿತ್ರ ನಡವಳಿಕೆಯೇ ಆಧಾರ. 2003ರ ನವೆಂಬರ್‌ನಲ್ಲಿ ಮೈಕ್ ಬ್ರೌನ್, ಚಾಡ್ ಟ್ರುಜಿಲೊ ಮತ್ತು ಡೇವಿಡ್ ರಾಬಿನೋವಿಟ್ಜ್ ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದಿಂದ ಸೆಡ್ನಾ ಎಂಬ ಕಾಯವನ್ನು ಪತ್ತೆ ಮಾಡಿದರು. ಸೂರ್ಯನಿಗೆ ಅತಿ ಹತ್ತಿರ ಬಂದಾಗಲೂ ಅದು 76 ಖಗೋಳಮಾನ ದೂರದಲ್ಲೇ ಇರುತ್ತದೆ. (ಒಂದು ಖಗೋಳಮಾನ ಎಂದರೆ ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ, ಸುಮಾರು 15 ಕೋಟಿ ಕಿಲೋಮೀಟರ್.) ನೆಪ್ಚೂನ್ ಇರುವುದು 30 ಖಗೋಳಮಾನದಲ್ಲಿ. ಅಂದರೆ ಸೆಡ್ನಾಳನ್ನು ಆ ಉದ್ದುದ್ದ ಕಕ್ಷೆಗೆ ತಂದು ಬಿಟ್ಟದ್ದು ನೆಪ್ಚೂನ್ ಆಗಿರಲಾರದು. ಅದರ ಕೈ ಅಷ್ಟು ದೂರ ಚಾಚುವುದಿಲ್ಲ.

2014ರಲ್ಲಿ ಟ್ರುಜಿಲೊ ಮತ್ತು ಸ್ಕಾಟ್ ಶೆಪರ್ಡ್ ಅಂಥದೇ ಇನ್ನೊಂದು ಕಾಯವನ್ನು, 2012 ವಿಪಿ113 ಎಂಬುದನ್ನು, ಪ್ರಕಟಿಸಿದರು. ಇಂಥ ದೂರದ ಕಾಯಗಳ ಕಕ್ಷೆಗಳಲ್ಲಿ ಏನೋ ಹೊಂದಾಣಿಕೆ ಇದೆ, ಕಾಣದ ಗ್ರಹವೊಂದು ಅವನ್ನು ಹಿಡಿದಿಟ್ಟಿರಬಹುದು ಎಂದು ಮೊದಲು ಬೊಟ್ಟು ಮಾಡಿದವರೂ ಅವರೇ. 2016ರ ಜನವರಿಯಲ್ಲಿ ಕ್ಯಾಲ್‌ಟೆಕ್‌ನ ಕಾನ್‌ಸ್ಟಾಂಟಿನ್ ಬಾಟಿಗಿನ್ ಮತ್ತು ಮೈಕ್ ಬ್ರೌನ್ ಅದಕ್ಕೆ ಗಣಿತದ ಮೈ ಕೊಟ್ಟರು. ಆರು ಕಾಯಗಳ ದೀರ್ಘವೃತ್ತಗಳು ಹೆಚ್ಚೂಕಡಿಮೆ ಒಂದೇ ದಿಕ್ಕಿಗೆ ಚಾಚಿವೆ, ಒಂದೇ ಬದಿಗೆ ವಾಲಿವೆ. ಇದು ಬರಿಯ ಆಕಸ್ಮಿಕವಾಗಿರುವ ಸಾಧ್ಯತೆ ಶೇಕಡ 0.007 ಎಂದರು. ಪ್ಲಾನೆಟ್ ನೈನ್ ಎಂಬ ಕರೆಹೆಸರು ಬಿದ್ದದ್ದು ಆಗ.

ಎಷ್ಟು ದೊಡ್ಡದು? ಎಷ್ಟು ದೂರ?

2016ರ ಅಂದಾಜು: ಭೂಮಿಯ 10 ಪಟ್ಟು ದ್ರವ್ಯರಾಶಿ, ಸರಾಸರಿ ದೂರ 700 ಖಗೋಳಮಾನ. 2021ರಲ್ಲಿ ಬ್ರೌನ್ ಮತ್ತು ಬಾಟಿಗಿನ್ ಲೆಕ್ಕ ಪರಿಷ್ಕರಿಸಿ ಸುಮಾರು 6 ಪಟ್ಟು, 380 ಖಗೋಳಮಾನ ಎಂದರು. ಕಕ್ಷೆಯ ಓರೆ ಸುಮಾರು 16 ಡಿಗ್ರಿ. ಗ್ರಹ ಹತ್ತಿರ ಬಂದಿಲ್ಲ, ಲೆಕ್ಕ ಹತ್ತಿರ ಬಂದಿದೆ. 380 ಖಗೋಳಮಾನದಲ್ಲಿದ್ದರೆ ಅದರ ಒಂದು ವರ್ಷ ನಮ್ಮ ಸುಮಾರು 7,400 ವರ್ಷಕ್ಕೆ ಸಮ.

ಈ ತೂಕ ಗಮನಿಸಬೇಕಾದದ್ದು. ಭೂಮಿಗಿಂತ ದೊಡ್ಡದು, 14.5 ಭೂಮಿ ತೂಗುವ ಯುರೇನಸ್‌ಗಿಂತ ಚಿಕ್ಕದು. ನಮ್ಮ ಸೌರವ್ಯೂಹದಲ್ಲಿ ಈ ನಡುವಿನ ಗಾತ್ರದ ಗ್ರಹ ಒಂದೂ ಇಲ್ಲ. ಬೇರೆ ನಕ್ಷತ್ರಗಳ ಸುತ್ತ ನೋಡಿದರೆ ಇಂಥವೇ ಅತ್ಯಂತ ಸಾಮಾನ್ಯ.

ಗ್ರಹವೇ ಸಿಕ್ಕಿಲ್ಲ. ಹುಟ್ಟಿನ ವಿಚಾರ ಈಗಲೇ ಏಕೆ?

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುವವರಿದ್ದಾರೆ. ಆದರೆ ಇಲ್ಲಿ ಅದು ಅನ್ವಯಿಸುವುದಿಲ್ಲ. ಅಷ್ಟು ದೊಡ್ಡ ಗ್ರಹವನ್ನು ಅಷ್ಟು ದೂರ ಒಯ್ದು, ಓರೆಯಾದ ಉದ್ದನೆಯ ಕಕ್ಷೆಯಲ್ಲಿ 450 ಕೋಟಿ ವರ್ಷ ಉಳಿಸುವ ಯಾವ ದಾರಿಯೂ ಭೌತವಿಜ್ಞಾನದಲ್ಲಿ ಇಲ್ಲವೆಂದಾದರೆ, ಗ್ರಹವೇ ಇಲ್ಲ ಎನ್ನುವವರ ಕೈ ಮೇಲಾಗುತ್ತದೆ. ಎಲ್ಲಿ ಹುಡುಕಬೇಕು ಎಂಬುದೂ ಅದು ಹೇಗೆ ಅಲ್ಲಿಗೆ ಹೋಯಿತು ಎಂಬುದರ ಮೇಲೆ ನಿಂತಿದೆ.

ಅದು ಅಲ್ಲೇ ಹುಟ್ಟಿ ಅಲ್ಲೇ ಬೆಳೆದಿರಬಾರದೇಕೆ?

ಸರಳ ಉತ್ತರ ಇದೇ ಆಗಬೇಕಿತ್ತು. ಆದರೆ ಎರಡು ತೊಡಕು. ಒಂದು, ಸರಕು. ಗ್ರಹಗಳು ಹುಟ್ಟುವುದು ಎಳೆಯ ನಕ್ಷತ್ರದ ಸುತ್ತ ಸುತ್ತುವ ಅನಿಲ ಮತ್ತು ಧೂಳಿನ ತಟ್ಟೆಯಲ್ಲಿ. ನಮ್ಮ ತಟ್ಟೆಯಲ್ಲಿ ದೂರ ಹೋದಂತೆ ಧೂಳು ತೆಳುವಾಗಿತ್ತು ಎಂಬುದಕ್ಕೆ ನೆಪ್ಚೂನ್ ಆಚೆಯ ಹಿಮಕಾಯಗಳ ವಲಯವಾದ ಕೈಪರ್ ಪಟ್ಟಿಯೇ ಸಾಕ್ಷಿ: ಅದರ ಮುಖ್ಯ ಭಾಗ 50 ಖಗೋಳಮಾನದ ಹತ್ತಿರ ಥಟ್ಟನೆ ಮುಗಿಯುತ್ತದೆ.

ಇನ್ನೊಂದು, ಸಮಯ. ಕಣಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಅಂಟಿಕೊಳ್ಳಬೇಕಾದರೆ ಮತ್ತೆ ಮತ್ತೆ ಎದುರಾಗಬೇಕು. ಭೂಮಿ ಈವರೆಗೆ ಸೂರ್ಯನನ್ನು ಸುಮಾರು 450 ಕೋಟಿ ಸುತ್ತು ಸುತ್ತಿದೆ. 500 ಖಗೋಳಮಾನದಲ್ಲಿರುವ ಕಾಯ ಅಷ್ಟೇ ಅವಧಿಯಲ್ಲಿ ಸುತ್ತಿರುವುದು ಬರೀ 4 ಲಕ್ಷ ಸುತ್ತು.

ಹಾಗೆಂದು ಯಾರೂ ಪ್ರಯತ್ನಿಸಿಲ್ಲ ಎಂದಲ್ಲ. ಸ್ಕಾಟ್ ಕೆನ್ಯನ್ ಮತ್ತು ಬೆಂಜಮಿನ್ ಬ್ರಾಮ್ಲಿ 2016ರಲ್ಲಿ ಗಣಕದಲ್ಲಿ ಇದನ್ನು ನಡೆಸಿ ನೋಡಿದರು. 250ರಿಂದ 750 ಖಗೋಳಮಾನದ ನಡುವೆ ಭೂಮಿಯ ಸುಮಾರು 15 ಪಟ್ಟು ತೂಕದ ಬೆಣಚುಕಲ್ಲುಗಳ ಉಂಗುರ ಇದ್ದಿದ್ದರೆ, ನೂರಾರು ಕೋಟಿ ವರ್ಷಗಳಲ್ಲಿ ದೊಡ್ಡ ಗ್ರಹವೊಂದು ಕಟ್ಟಿಕೊಳ್ಳಬಲ್ಲದು ಎಂದು ತೋರಿಸಿದರು. ಲೆಕ್ಕ ಸರಿಯೇ. ಆದರೆ ಆ 15 ಭೂಮಿಯಷ್ಟು ಕಲ್ಲು ಅಲ್ಲಿಗೆ ಬಂದದ್ದು ಹೇಗೆ? ಮೇಲಾಗಿ, ಇದ್ದಲ್ಲೇ ಬೆಳೆದ ಗ್ರಹದ ಕಕ್ಷೆ ಹೆಚ್ಚೂಕಡಿಮೆ ದುಂಡಗೆ, ಚಪ್ಪಟೆಯಾಗಿರಬೇಕು. ನಮಗೆ ಬೇಕಾದದ್ದು ಉದ್ದನೆಯ, ಓರೆಯಾದ ಕಕ್ಷೆ. ನನ್ನ ಮಟ್ಟಿಗೆ ಈ ಕಥೆ ಅಷ್ಟಾಗಿ ಹಿಡಿಸುವುದಿಲ್ಲ.

ಹಾಗಾದರೆ ಗುರು, ಶನಿಗಳ ಬಳಿ ಹುಟ್ಟಿ ಹೊರಕ್ಕೆ ಎಸೆಯಲ್ಪಟ್ಟಿತೇ?

ಬಹುತೇಕರ ಒಲವು ಈ ಕಡೆಗಿದೆ, ನನ್ನದೂ. ಯುರೇನಸ್ ಮತ್ತು ನೆಪ್ಚೂನ್ ಹೇಗೆ ಬೆಳೆದವು ಎಂಬುದಕ್ಕೆ ಇರುವ ಒಂದು ಮುಖ್ಯ ವಿವರಣೆಯಲ್ಲಿ, ಗುರು–ಶನಿಗಳ ಆಚೆ ತಲಾ ಕೆಲವು ಭೂಮಿಯಷ್ಟು ತೂಕದ ಹಲವು ಗ್ರಹಭ್ರೂಣಗಳಿದ್ದವು. ಅವು ಪರಸ್ಪರ ಬಡಿದು ಎರಡು ದೊಡ್ಡ ಗ್ರಹಗಳಾದವು. ಯುರೇನಸ್ ಮಗ್ಗುಲಾಗಿ ಮಲಗಿರುವುದಕ್ಕೂ ಇಂಥ ಬಡಿತವನ್ನೇ ಕಾರಣ ಹೇಳುತ್ತಾರೆ. ಅಷ್ಟು ಭ್ರೂಣಗಳಲ್ಲಿ ಎಲ್ಲವೂ ಯುರೇನಸ್, ನೆಪ್ಚೂನ್‌ಗಳ ಹೊಟ್ಟೆ ಸೇರಿರಲಾರವು. ಒಂದೆರಡು ಗುರುವಿನ ತೀರ ಹತ್ತಿರ ಸಿಕ್ಕಿಹಾಕಿಕೊಂಡಿರಬೇಕು. ಗುರು 318 ಭೂಮಿಯಷ್ಟು ತೂಗುತ್ತದೆ. ಅದರ ಪಕ್ಕದಲ್ಲಿ ಹಾದುಹೋದ ಸಣ್ಣ ಗ್ರಹ ವೇಗ ಪಡೆದು ಹೊರಕ್ಕೆ ಹಾರುವುದು ಗುರುತ್ವದ ದಿನನಿತ್ಯದ ವ್ಯವಹಾರ. ನಮ್ಮ ವಾಯೇಜರ್ ನೌಕೆಗಳೂ ಇದೇ ಉಪಾಯದಿಂದ ಸೌರವ್ಯೂಹ ದಾಟಿ ಹೋದದ್ದು.

ತೂಕವೂ ಹೊಂದುತ್ತದೆ. 5ರಿಂದ 10 ಭೂಮಿಯಷ್ಟು ತೂಕದ, ಪೂರ್ತಿ ಬೆಳೆಯದ ದೈತ್ಯ ಗ್ರಹದ ತಿರುಳು: ಪ್ಲಾನೆಟ್ ನೈನ್‌ಗೆ ಹೇಳುವ ವಿವರ ಇದೇ.

ಎಸೆದ ಮೇಲೆ ಅದು ಅಲ್ಲೇ ಉಳಿದದ್ದು ಹೇಗೆ?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಎಸೆಯುವುದು ಸುಲಭ, ನಿಲ್ಲಿಸುವುದು ಕಷ್ಟ.

ಗುರುತ್ವದ ನಿಯಮವೊಂದಿದೆ: ಯಾವ ಕಕ್ಷೆಯೂ ತಾನು ಹೊರಟ ಬಿಂದುವಿಗೆ ಮರಳಿ ಬರುತ್ತದೆ. ಗುರುವಿನ ಬಳಿ ತಳ್ಳಿಸಿಕೊಂಡ ಗ್ರಹ ಸೂರ್ಯನ ಹಿಡಿತ ಪೂರ್ತಿ ಬಿಟ್ಟು ಹೋದರೆ ಸರಿ, ಅದರ ಕಥೆ ಮುಗಿಯಿತು. ಹೋಗದಿದ್ದರೆ 1,000 ಖಗೋಳಮಾನದವರೆಗೆ ಹೋಗಿಯೂ ಮತ್ತೆ ಗುರುವಿನ ಬಳಿಗೇ ಬೀಳುತ್ತದೆ, ಮತ್ತೊಮ್ಮೆ ತಳ್ಳಿಸಿಕೊಳ್ಳುತ್ತದೆ. ಹೀಗೆ ಕೆಲವು ಸುತ್ತು ನಡೆದರೆ ಕೊನೆಗೆ ಹೊರಗಿನ ಕತ್ತಲಿಗೆ ಹೋಗುವುದು ಖಚಿತ. ಉಳಿಯಬೇಕಾದರೆ, ಅದು ದೂರದಲ್ಲಿರುವಾಗ ಯಾವುದೋ ಎರಡನೇ ಶಕ್ತಿ ಪಕ್ಕದಿಂದ ಮೆಲ್ಲನೆ ತಳ್ಳಿ, ಕಕ್ಷೆಯ ಸೂರ್ಯನಿಗೆ ಅತಿ ಹತ್ತಿರದ ಬಿಂದುವನ್ನು, ಅಂದರೆ ಪುರರವಿಯನ್ನು, ಗುರು–ಶನಿಗಳ ಕೈಗೆ ಸಿಗದಷ್ಟು ಮೇಲಕ್ಕೆ ಎತ್ತಬೇಕು.

ಈ ಎರಡನೇ ತಳ್ಳು ಕೊಟ್ಟವರು ಯಾರು? ಒಂದು ಉತ್ತರ, ಉಳಿದಿದ್ದ ಅನಿಲ. ಸೂರ್ಯನ ಸುತ್ತ ತಟ್ಟೆ ಇನ್ನೂ ಇದ್ದಾಗಲೇ ಗ್ರಹ ಹೊರಬಿದ್ದಿದ್ದರೆ ಅನಿಲದ ಎಳೆತ ಅದನ್ನು ನಿಧಾನಿಸಿ, ಕಕ್ಷೆಯನ್ನು ಕೊಂಚ ದುಂಡಗಾಗಿಸಬಹುದು. ಕೆನ್ಯನ್ ಮತ್ತು ಬ್ರಾಮ್ಲಿ ಇದನ್ನೂ ಲೆಕ್ಕ ಹಾಕಿದ್ದಾರೆ. ಆದರೆ ಅನಿಲ ಅಷ್ಟು ದೂರದವರೆಗೆ ಹರಡಿರಬೇಕು, ಬೇಗ ಆವಿಯಾಗಿ ಹೋಗಿರಬಾರದು.

ಇನ್ನೊಂದು ಉತ್ತರ ಹೆಚ್ಚು ಗಟ್ಟಿ: ನೆರೆಯ ನಕ್ಷತ್ರಗಳು. ಸೂರ್ಯ ಒಂಟಿಯಾಗಿ ಹುಟ್ಟಿದ್ದಲ್ಲ. ಸಾವಿರಾರು ನಕ್ಷತ್ರಗಳ ಗುಚ್ಛದಲ್ಲಿ ಹುಟ್ಟಿ, ಬಳಿಕ ಒಡಹುಟ್ಟಿದವೆಲ್ಲ ದಿಕ್ಕಾಪಾಲಾದವು. ಆ ಗುಚ್ಛದಲ್ಲಿದ್ದಾಗ ಪಕ್ಕದ ನಕ್ಷತ್ರಗಳ ಸೆಳೆತ, ದೂರಕ್ಕೆ ಹೋದ ಗ್ರಹಕ್ಕೆ ಆ ಪಕ್ಕದ ತಳ್ಳನ್ನು ಕೊಡಬಲ್ಲದು. ಸೆಡ್ನಾಳನ್ನೂ ಹೀಗೇ ವಿವರಿಸುವವರಿದ್ದಾರೆ.

ಆಂಡ್ರೆ ಇಜಿಡೊರೊ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಮುಖ್ಯ ಎನಿಸುವುದು ಈ ಕಾರಣಕ್ಕೆ. ಗುಚ್ಛದಲ್ಲಿ ಹುದುಗಿದ ಎಳೆಯ ಗ್ರಹವ್ಯೂಹಗಳನ್ನು ಗಣಕದಲ್ಲಿ ಸಾವಿರಾರು ಬಾರಿ ಓಡಿಸಿ ನೋಡಿದಾಗ, ಹೊರಕ್ಕೆ ಎಸೆಯಲ್ಪಟ್ಟ ಗ್ರಹಗಳಲ್ಲಿ ಕೆಲವು ನೂರಾರು, ಸಾವಿರಾರು ಖಗೋಳಮಾನದ ಕಕ್ಷೆಗಳಲ್ಲಿ ಸಿಕ್ಕಿಕೊಂಡು ಉಳಿದವು. ಯುರೇನಸ್–ನೆಪ್ಚೂನ್ ಬೆಳೆಯುವಾಗಿನ ಗೊಂದಲ ಮತ್ತು ಆಮೇಲೆ ದೈತ್ಯ ಗ್ರಹಗಳ ನಡುವಿನ ಗೊಂದಲ ಎರಡೂ ನಮ್ಮಲ್ಲಿ ನಡೆದಿದ್ದರೆ, ಪ್ಲಾನೆಟ್ ನೈನ್‌ನಂಥ ಗ್ರಹ ಸಿಕ್ಕಿಕೊಳ್ಳುವ ಸಾಧ್ಯತೆ ಶೇಕಡ 40ರವರೆಗೂ ಹೋಗಬಹುದು ಎಂದು ಅವರ ಲೆಕ್ಕ. ಲಾಟರಿಯಂಥ ಅಪರೂಪ ಎಂದುಕೊಂಡಿದ್ದ ಘಟನೆಗೆ ಇದು ಸಣ್ಣ ಸಂಖ್ಯೆಯಲ್ಲ.

ಒಂದು ಷರತ್ತು ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ: ಕಾಲ. ಗುಚ್ಛ ಚದುರುವ ಮುಂಚೆಯೇ ಎಸೆತ ನಡೆದಿರಬೇಕು. ತಡವಾದರೆ ಹಿಡಿದು ನಿಲ್ಲಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

‘ಕಳೆದುಹೋದ ಐದನೇ ದೈತ್ಯ ಗ್ರಹ’ ಅಂದರೆ ಇದೇನಾ?

ಆಗಿರಬಹುದು, ಆದರೆ ಎರಡನ್ನೂ ಕಲಸಬಾರದು. ಡೇವಿಡ್ ನೆಸ್ವೊರ್ನಿ 2011ರಲ್ಲಿ, ಇಂದಿನ ನಾಲ್ಕು ದೈತ್ಯ ಗ್ರಹಗಳ ಕಕ್ಷೆಗಳು ಮೂಡಬೇಕಾದರೆ ಆರಂಭದಲ್ಲಿ ಐದು ಇದ್ದಿದ್ದರೆ ಲೆಕ್ಕ ಚೆನ್ನಾಗಿ ಕೂಡುತ್ತದೆ ಎಂದು ತೋರಿಸಿದರು. ಐದನೆಯದನ್ನು ಗುರು ಹೊರದೂಡಿತು. ಆ ಲೆಕ್ಕಕ್ಕೆ ಐದನೆಯದು ಹೊರಟುಹೋದರೆ ಸಾಕು, ಅದು ಎಲ್ಲಿಗೆ ಹೋಯಿತು ಎಂಬುದು ಬೇಕಿಲ್ಲ. ಆ ಹೊರದೂಡಿಕೆ ಗುಚ್ಛ ಚದುರಿದ ಎಷ್ಟೋ ಕಾಲದ ಮೇಲೆ ನಡೆದಿದ್ದರೆ ಗ್ರಹ ಈಗ ಕ್ಷೀರಪಥದಲ್ಲಿ ಎಲ್ಲೋ ಅಲೆಯುತ್ತಿರುತ್ತದೆ.

ಬೇರೆ ನಕ್ಷತ್ರದಿಂದ ಕಸಿದುಕೊಂಡದ್ದಾಗಿರಬಹುದೇ?

ಪತ್ರಿಕೆಗಳಿಗೆ ಪ್ರಿಯವಾದ ಕಥೆ ಇದು. ಅಲೆಕ್ಸಾಂಡರ್ ಮಸ್ಟಿಲ್, ಶಾನ್ ರೇಮಂಡ್, ಮೆಲ್ವಿನ್ ಡೇವಿಸ್ 2016ರಲ್ಲಿ ಇದನ್ನು ಗಂಭೀರವಾಗಿ ಪರಿಶೀಲಿಸಿದರು. ಹುಟ್ಟಿದ ಗುಚ್ಛದಲ್ಲಿ ಇನ್ನೊಂದು ನಕ್ಷತ್ರ ಸೂರ್ಯನ ಹತ್ತಿರ ಹಾದುಹೋಗುವಾಗ, ಅದರ ಹೊರಅಂಚಿನಲ್ಲಿದ್ದ ಗ್ರಹ ಕೈತಪ್ಪಿ ಸೂರ್ಯನ ಪಾಲಾಗಬಹುದು. ಹಾಗಾಗಿದ್ದರೆ ನಮ್ಮ ಅಂಗಳದಲ್ಲೇ ಒಂದು ಪರಗ್ರಹ ಇದೆ ಎಂದಾಯಿತು. ನೌಕೆ ಕಳಿಸಿ ನೋಡಬಹುದಾದ ಏಕೈಕ ಪರಗ್ರಹ.

ಸಾಧ್ಯವೇ ಎಂದರೆ ಸಾಧ್ಯ. ಎಷ್ಟು ಸಾಧ್ಯ ಎಂದರೆ ಶೇಕಡ ಕೆಲವೇ ಅಂಶ, ಹಲವು ಲೆಕ್ಕಗಳಲ್ಲಿ ಅದಕ್ಕೂ ಕಡಿಮೆ. ಆ ನಕ್ಷತ್ರದ ಬಳಿ ಮೊದಲೇ ದೂರದ ಕಕ್ಷೆಯ ಗ್ರಹ ಇರಬೇಕು. ನಕ್ಷತ್ರ ಸೂರ್ಯನಿಗೆ ಸಾಕಷ್ಟು ಹತ್ತಿರ ಬರಬೇಕು, ಆದರೆ ಕೈಪರ್ ಪಟ್ಟಿಯನ್ನು ಚಿಂದಿ ಮಾಡುವಷ್ಟು ಹತ್ತಿರವಲ್ಲ.

ಯಾವ ನಕ್ಷತ್ರಕ್ಕೂ ಸೇರದ ಅಲೆಮಾರಿ ಗ್ರಹ ಸೂರ್ಯನ ಬಲೆಗೆ ಬಿದ್ದಿದ್ದರೆ?

ಈಗಿನ ಕಾಲದಲ್ಲಿ ಅದು ಆಗದ ಮಾತು. 500 ಖಗೋಳಮಾನ ದೂರದಲ್ಲಿ ಸೂರ್ಯನ ಹಿಡಿತ ಮೀರಲು ಸೆಕೆಂಡಿಗೆ 1.9 ಕಿಲೋಮೀಟರ್ ವೇಗ ಸಾಕು. ನಮ್ಮ ಸುತ್ತಲಿನ ನಕ್ಷತ್ರಗಳು, ಅಲೆಮಾರಿ ಗ್ರಹಗಳು ಸೂರ್ಯನಿಗೆ ಹೋಲಿಸಿದರೆ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿವೆ. ಬಂದವು ಬಂದ ಹಾಗೇ ಹೋಗುತ್ತವೆ. ಹುಟ್ಟಿದ ಗುಚ್ಛದಲ್ಲಿ ವೇಗಗಳು ಸೆಕೆಂಡಿಗೆ ಒಂದು ಕಿಲೋಮೀಟರ್ ಆಸುಪಾಸು ಇದ್ದವು, ಹಾಗಾಗಿ ಆಗ ಮಾತ್ರ ಇದಕ್ಕೆ ಅವಕಾಶ. ಸೂರ್ಯನಿಗೆ ಆಗ ಜೋಡಿ ನಕ್ಷತ್ರವಿದ್ದಿದ್ದರೆ ಸೆರೆಹಿಡಿಯುವುದು ಇನ್ನಷ್ಟು ಸುಲಭವಾಗುತ್ತಿತ್ತು ಎಂದು ಅಮೀರ್ ಸಿರಾಜ್ ಮತ್ತು ಅವಿ ಲೋಬ್ 2020ರಲ್ಲಿ ವಾದಿಸಿದರು. ಆ ಜೋಡಿ ಇತ್ತು ಎನ್ನಲು ನೇರ ಸಾಕ್ಷಿ ಇಲ್ಲ.

ಅದು ಗ್ರಹವಲ್ಲ, ಕಪ್ಪುಕುಳಿ ಎನ್ನುತ್ತಾರಲ್ಲ?

2019ರಲ್ಲಿ ಯಾಕುಬ್ ಶೋಲ್ಟ್ಸ್ ಮತ್ತು ಜೇಮ್ಸ್ ಅನ್ವಿನ್ ಮುಂದಿಟ್ಟ ಊಹೆ ಅದು. ಮಹಾಸ್ಫೋಟದ ಬೆನ್ನಲ್ಲೇ ಹುಟ್ಟಿದ ಆದಿಮ ಕಪ್ಪುಕುಳಿಯೊಂದನ್ನು ಸೂರ್ಯ ಸೆರೆಹಿಡಿದಿದ್ದರೂ ದೂರದ ಕಾಯಗಳ ಮೇಲಿನ ಪರಿಣಾಮ ಒಂದೇ, ಏಕೆಂದರೆ ಗುರುತ್ವಕ್ಕೆ ತೂಕ ಮಾತ್ರ ಗೊತ್ತು. 5 ಭೂಮಿ ತೂಗುವ ಕಪ್ಪುಕುಳಿಯ ವ್ಯಾಸ ಸುಮಾರು 9 ಸೆಂಟಿಮೀಟರ್. ದೂರದರ್ಶಕಕ್ಕೆ ಅದು ಕಾಣುವುದಿಲ್ಲ. ಸಣ್ಣ ನೌಕೆಗಳ ಹಿಂಡನ್ನೇ ಆ ಕಡೆ ಹಾರಿಬಿಟ್ಟು, ಅವುಗಳ ಗತಿಯಲ್ಲಿನ ಏರುಪೇರಿನಿಂದ ಪತ್ತೆ ಮಾಡಬಹುದೇ ಎಂದು ಭೌತವಿಜ್ಞಾನಿ ಎಡ್ವರ್ಡ್ ವಿಟ್ಟನ್ 2020ರಲ್ಲಿ ಲೆಕ್ಕ ಹಾಕಿದರು. ಸೊಗಸಾದ ಊಹೆ. ಆದರೆ ಆದಿಮ ಕಪ್ಪುಕುಳಿಗಳು ಇವೆಯೇ ಎಂಬುದೇ ಇನ್ನೂ ಇತ್ಯರ್ಥವಾಗದಿರುವಾಗ, ಒಂದು ಕಾಣದ ವಸ್ತುವನ್ನು ಇನ್ನೊಂದು ಕಾಣದ ವಸ್ತುವಿನಿಂದ ವಿವರಿಸಿದಂತಾಗುತ್ತದೆ.

ಇದಕ್ಕೂ ನಿಬಿರುವಿಗೂ, ನಮ್ಮ ನವಗ್ರಹಕ್ಕೂ ಸಂಬಂಧ ಇದೆಯೇ?

ಇಲ್ಲ. 2012ರ ಡಿಸೆಂಬರ್‌ನಲ್ಲಿ ಭೂಮಿಗೆ ಅಪ್ಪಳಿಸುತ್ತದೆ ಎಂದು ಹಬ್ಬಿಸಿದ್ದ ನಿಬಿರು ಕಟ್ಟುಕಥೆ. ಪ್ಲಾನೆಟ್ ನೈನ್ ಇದ್ದರೂ ನೆಪ್ಚೂನ್‌ಗಿಂತ ಎಷ್ಟೋ ಆಚೆಯೇ ಉಳಿಯುತ್ತದೆ. ನವಗ್ರಹದ ಪಟ್ಟಿಯಲ್ಲಿ ಸೂರ್ಯ, ಚಂದ್ರ, ಮತ್ತು ಚಂದ್ರನ ಪಥ ಸೂರ್ಯನ ಪಥವನ್ನು ದಾಟುವ ಎರಡು ಬಿಂದುಗಳಾದ ರಾಹು–ಕೇತು ಸೇರಿವೆ. ಅದು ಬೇರೆಯೇ ಎಣಿಕೆ.

ಗ್ರಹವೇ ಇಲ್ಲದಿರಬಹುದೇ?

ಖಂಡಿತ ಇಲ್ಲದಿರಬಹುದು. ಮುಖ್ಯ ಆಕ್ಷೇಪ ಹುಡುಕಾಟದ ಪಕ್ಷಪಾತದ್ದು. ಇಂಥ ಮಂದ ಕಾಯಗಳು ಸೂರ್ಯನಿಗೆ ಹತ್ತಿರವಿದ್ದಾಗ, ದೂರದರ್ಶಕ ತಿರುಗಿದ ದಿಕ್ಕಿನಲ್ಲಿ, ಕ್ಷೀರಪಥದ ದಟ್ಟಣೆ ಇಲ್ಲದ ಕಡೆ ಮಾತ್ರ ಕಾಣುತ್ತವೆ. ಆಷಾಢದ ಮಳೆಯಲ್ಲಿ ಮಾತ್ರ ಬೀದಿಗಿಳಿದು, ಊರಿನವರೆಲ್ಲ ಸದಾ ಕೊಡೆ ಹಿಡಿದೇ ಇರುತ್ತಾರೆ ಎಂದು ಬರೆದುಕೊಂಡ ಹಾಗೆ ಆಗಿರಬಹುದು. 2017ರಲ್ಲಿ ಮತ್ತು 2021ರಲ್ಲಿ ಬೇರೆ ಬೇರೆ ತಂಡಗಳು ತಮ್ಮ ಸಮೀಕ್ಷೆಗಳನ್ನು ತೂಗಿ ನೋಡಿ, ಕಕ್ಷೆಗಳು ಒಂದೇ ದಿಕ್ಕಿಗೆ ಚಾಚಿರುವ ಈ ಗುಂಪುಗೂಡಿಕೆ ನಿಜವೆನ್ನಲು ಪುರಾವೆ ಸಾಲದು ಎಂದವು. ಬ್ರೌನ್ ಮತ್ತು ಬಾಟಿಗಿನ್ ಪಕ್ಷಪಾತವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆಕಸ್ಮಿಕದ ಸಾಧ್ಯತೆ ಶೇಕಡ 0.4 ಮಾತ್ರ ಎಂದು 2021ರಲ್ಲಿ ಉತ್ತರಿಸಿದರು. ಮೊದಲಿನ ಶೇಕಡ 0.007ಕ್ಕೆ ಹೋಲಿಸಿದರೆ ಆತ್ಮವಿಶ್ವಾಸ ಒಂದಿಷ್ಟು ಇಳಿದಿದೆ ಎಂಬುದೂ ಕಾಣುತ್ತದೆ.

2025ರಲ್ಲಿ ಪ್ರಕಟವಾದ ಎರಡು ಕಾಯಗಳು, 2017 ಓಎಫ್201 ಮತ್ತು 2023 ಕೆಕ್ಯು14, ಗುಂಪಿನ ದಿಕ್ಕಿಗೆ ಹೊಂದುವುದಿಲ್ಲ. ಇವು ಊಹೆಯನ್ನು ಕೊಂದಿಲ್ಲ, ಗಾಯ ಮಾಡಿವೆ. ಬೇರೆ ವಿವರಣೆಗಳೂ ಇವೆ. ಸುಜಾನೆ ಫಾಲ್ಜ್‌ನರ್ ಮತ್ತು ಸಂಗಡಿಗರು 2024ರಲ್ಲಿ, ಸೂರ್ಯನ 0.8 ಪಟ್ಟು ತೂಕದ ನಕ್ಷತ್ರವೊಂದು 110 ಖಗೋಳಮಾನ ಸಮೀಪ ಹಾದುಹೋಗಿದ್ದರೆ ದೂರದ ಹಲವು ಕಕ್ಷೆಗಳು ಗ್ರಹವಿಲ್ಲದೆಯೇ ಮೂಡುತ್ತವೆ ಎಂದು ತೋರಿಸಿದರು.

ಇತಿಹಾಸ ಎರಡೂ ಕಡೆ ಮಾತಾಡುತ್ತದೆ. ಯುರೇನಸ್‌ನ ಓಟದ ತಪ್ಪಿನಿಂದ ಫ್ರೆಂಚ್ ಖಗೋಳಜ್ಞ ಲೆವೆರಿಯೆ ಲೆಕ್ಕ ಹಾಕಿಕೊಟ್ಟ ಜಾಗದ ಒಂದು ಡಿಗ್ರಿಯೊಳಗೆ, 1846ರ ಸೆಪ್ಟೆಂಬರ್ 23ರಂದು ಬರ್ಲಿನ್‌ನಲ್ಲಿ ಯೋಹಾನ್ ಗಾಲೆಗೆ ನೆಪ್ಚೂನ್ ಸಿಕ್ಕಿತು. ಅದೇ ಲೆವೆರಿಯೆ ಬುಧನ ಓಟ ನೋಡಿ ವಲ್ಕನ್ ಎಂಬ ಗ್ರಹ ಇದೆ ಎಂದರು. ಅದು ಇರಲೇ ಇಲ್ಲ. ಬದಲಾಗಬೇಕಿದ್ದದ್ದು ಗುರುತ್ವದ ಸಿದ್ಧಾಂತ ಎಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿದರು.

ಇಷ್ಟು ದೂರದ ಕಕ್ಷೆಯ ಗ್ರಹ ಬೇರೆಲ್ಲಾದರೂ ಕಂಡಿದೆಯೇ?

ಕಂಡಿದೆ. ಎಚ್‌ಡಿ 106906 ಎಂಬ ಜೋಡಿ ನಕ್ಷತ್ರದಿಂದ 700ಕ್ಕೂ ಹೆಚ್ಚು ಖಗೋಳಮಾನ ದೂರದಲ್ಲಿ, ಗುರುವಿನ 11 ಪಟ್ಟು ತೂಕದ ಗ್ರಹವಿದೆ. ಹಬಲ್ ದೂರದರ್ಶಕದ ಹಳೆಯ ಚಿತ್ರಗಳನ್ನು ಹೊಸವುಗಳ ಜೊತೆ ತಾಳೆ ನೋಡಿ 2020ರಲ್ಲಿ ಅದರ ಚಲನೆ ಅಳೆದಾಗ, ಕಕ್ಷೆ ಓರೆ ಎಂದು ಗೊತ್ತಾಯಿತು. ಆ ವ್ಯೂಹದ ವಯಸ್ಸು ಕೇವಲ ಒಂದೂವರೆ ಕೋಟಿ ವರ್ಷ. ಅಂದರೆ ಗ್ರಹಗಳು ದೂರದ ಓರೆ ಕಕ್ಷೆ ಸೇರುವುದು ಎಳವೆಯಲ್ಲೇ ನಡೆಯಬಲ್ಲದು.

ಸಿಕ್ಕರೆ ಮೂಲ ಯಾವುದೆಂದು ಹೇಗೆ ಗೊತ್ತಾಗುತ್ತದೆ?

ಮೊದಲ ಸಾಕ್ಷಿ ಕಕ್ಷೆ. ಓರೆ ಕಡಿಮೆಯಿದ್ದು, ಉದ್ದನೆಯ ಕಕ್ಷೆಯಾದರೆ ಇಲ್ಲಿಯೇ ಹುಟ್ಟಿ ಎಸೆಯಲ್ಪಟ್ಟ ಗ್ರಹ ಎನ್ನುವ ಪಕ್ಷ ಬಲವಾಗುತ್ತದೆ. ದುಂಡಗಿದ್ದರೆ ಕೆನ್ಯನ್–ಬ್ರಾಮ್ಲಿ ಉಂಗುರಕ್ಕೆ ಜೀವ ಬರುತ್ತದೆ. ತೀರಾ ಓರೆಯಾಗಿ, ಅಥವಾ ಉಳಿದ ಗ್ರಹಗಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಿದ್ದರೆ ಹೊರಗಿನಿಂದ ಬಂದದ್ದೆಂದು ಶಂಕಿಸಬೇಕು.

ಎರಡನೆಯದು ಮೈಬಣ್ಣ ಮತ್ತು ಬಿಸಿ. 10 ಭೂಮಿ ತೂಗುವ, ನೆಪ್ಚೂನ್ ಮಾದರಿಯ ಗ್ರಹವಾದರೆ ಅದರ ಮೇಲ್ಮೈ ಉಷ್ಣತೆ ಸುಮಾರು –226 ಡಿಗ್ರಿ ಸೆಲ್ಸಿಯಸ್ ಎಂದು ಬರ್ನ್ ವಿಶ್ವವಿದ್ಯಾಲಯದವರು 2016ರಲ್ಲಿ ಅಂದಾಜಿಸಿದರು; ಸೂರ್ಯನ ಬಿಸಿಗಿಂತ ಗ್ರಹದ ಒಡಲ ಬಿಸಿಯೇ ಹೆಚ್ಚು. ಹಾಗಾಗಿ ಅದನ್ನು ಅವಕೆಂಪು ಬೆಳಕಿನಲ್ಲಿ ನೋಡಿದರೆ ದಪ್ಪ ಅನಿಲದ ಹೊದಿಕೆ ಇದೆಯೇ, ಬರಿಯ ಕಲ್ಲು–ಹಿಮದ ಗೋಲವೇ ಎಂದು ತಿಳಿಯಬಹುದು. ಹೊದಿಕೆ ಇದ್ದರೆ, ಅನಿಲದ ತಟ್ಟೆ ಇನ್ನೂ ಇದ್ದ ಮೊದಲ ಕೆಲವು ದಶಲಕ್ಷ ವರ್ಷಗಳೊಳಗೇ ಅದು ಬೆಳೆದಿತ್ತು ಎಂದರ್ಥ. ತಡವಾಗಿ, ನಿಧಾನವಾಗಿ ಅಲ್ಲೇ ಹುಟ್ಟಿತೆಂಬ ಕಥೆ ಅಲ್ಲಿಗೆ ಬಿದ್ದುಹೋಗುತ್ತದೆ. ‘ಇಲ್ಲಿಯದು’ ಮತ್ತು ‘ಬೇರೆ ನಕ್ಷತ್ರದ್ದು’ ಎಂಬೆರಡನ್ನು ಬೇರ್ಪಡಿಸುವುದು ಹೆಚ್ಚು ಕಷ್ಟ, ಏಕೆಂದರೆ ಒಂದೇ ಗುಚ್ಛದ ನಕ್ಷತ್ರಗಳೆಲ್ಲ ಒಂದೇ ಮೋಡದ ಸರಕಿನಿಂದ ಆದವು.

ಎಲ್ಲಿ ಹುಡುಕುತ್ತಿದ್ದಾರೆ? ಮನೆಯ ದೂರದರ್ಶಕಕ್ಕೆ ಕಂಡೀತೇ?

ಹವಾಯಿಯ ಸುಬಾರು ದೂರದರ್ಶಕ ವರ್ಷಗಳಿಂದ ಹುಡುಕುತ್ತಿದೆ. ಪ್ಯಾನ್‌ಸ್ಟಾರ್ಸ್ ಸೇರಿ ಮೂರು ಸಮೀಕ್ಷೆಗಳ ಮಾಹಿತಿ ಜಾಲಾಡಿದ ಬ್ರೌನ್ ಮತ್ತು ಸಂಗಡಿಗರು, ಗ್ರಹ ಇರಬಹುದಾದ ಸಾಧ್ಯತೆಗಳಲ್ಲಿ ಶೇಕಡ 78ರಷ್ಟನ್ನು ಕೈಬಿಡಬಹುದು ಎಂದು 2024ರಲ್ಲಿ ತಿಳಿಸಿದರು. ಉಳಿದದ್ದರಲ್ಲಿ ಬಹುಪಾಲು ದೂರದ, ಮಂದವಾದ ಸಾಧ್ಯತೆಗಳು, ಮತ್ತು ನಕ್ಷತ್ರಗಳು ಕಿಕ್ಕಿರಿದ ಕ್ಷೀರಪಥದ ಪಟ್ಟಿ. ಈಗ ಎಲ್ಲರ ಕಣ್ಣು ಚಿಲಿಯ ವೇರಾ ರೂಬಿನ್ ವೀಕ್ಷಣಾಲಯದ ಮೇಲೆ. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಮೊದಲ ಚಿತ್ರಗಳು 2025ರ ಜೂನ್ 23ರಂದು ಹೊರಬಂದವು. ದಕ್ಷಿಣದ ಆಕಾಶವನ್ನು ಹತ್ತು ವರ್ಷ ಮತ್ತೆ ಮತ್ತೆ ಚಿತ್ರಿಸುವುದು ಅದರ ಕೆಲಸ. ಗ್ರಹ ಸಿಗದಿದ್ದರೂ ಸೆಡ್ನಾಳಂಥ ಇನ್ನಷ್ಟು ಕಾಯಗಳು ಸಿಗುತ್ತವೆ, ಗುಂಪುಗೂಡಿಕೆ ನಿಜವೋ ಅಲ್ಲವೋ ಆಗ ತೀರ್ಮಾನವಾಗುತ್ತದೆ.

ಮನೆಯ ದೂರದರ್ಶಕದ ಆಸೆ ಬಿಡುವುದೇ ಲೇಸು. ಗ್ರಹದ ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂದ) 21 ಎಂದಿಟ್ಟುಕೊಂಡರೂ, ಕತ್ತಲೆಯ ಹಳ್ಳಿಯಲ್ಲಿ ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತ ಅದು 10 ಲಕ್ಷ ಪಟ್ಟು ಮಂದ. ಆಸಕ್ತಿ ಇದ್ದವರು ಆ ದೂರದರ್ಶಕವನ್ನು ಯುರೇನಸ್ ಕಡೆಗೆ ತಿರುಗಿಸಿ, ಅದಂತೂ ಸಿಗುತ್ತದೆ.